ಬೈಲೈನ್ ಒಬ್ಬರದ್ದು, ಪ್ರಾಣ ಇನ್ನೊಬ್ಬರದ್ದು: ದಿತ್ ಪ್ರಾನ್ ಎಂಬ ‘ಸಹಾಯಕ’ನ ಬದುಕು

ಯುದ್ಧ ನಡೆಯುತ್ತಿರುವ ದೇಶದಿಂದ ಬಂದ ವರದಿಯೊಂದನ್ನು ಓದುವಾಗ ನಮಗೆ ಕಾಣೋದು ಒಂದೇ ಹೆಸರು. ನ್ಯೂಯಾರ್ಕಿನಿಂದಲೋ ಲಂಡನ್ನಿನಿಂದಲೋ ಹೋದ ವರದಿಗಾರನ ಹೆಸರು ಅದು. ಆದರೆ ಆತನಿಗೆ ಅಲ್ಲಿನ ಭಾಷೆ ಬರುವುದಿಲ್ಲ. ಯಾವ ರಸ್ತೆ ಯಾರ ಹಿಡಿತದಲ್ಲಿದೆ, ಯಾವ ಚೆಕ್‌ಪೋಸ್ಟಿನಲ್ಲಿ ನಗಬೇಕು, ಎಲ್ಲಿ ತಲೆ ತಗ್ಗಿಸಬೇಕು, ಯಾವ ಅಧಿಕಾರಿ ಸುಳ್ಳು ಹೇಳ್ತಾನೆ, ಇದ್ಯಾವುದೂ ಗೊತ್ತಿರುವುದಿಲ್ಲ. ಇದೆಲ್ಲ ಗೊತ್ತಿರೋದು ಆತನ ಪಕ್ಕದಲ್ಲಿ ಕೂತಿರುವ ಊರಿನವನಿಗೆ. ಪತ್ರಿಕೋದ್ಯಮದಲ್ಲಿ ಅವನನ್ನು ಫಿಕ್ಸರ್ ಅಂತಾರೆ, ಕೆಲವೊಮ್ಮೆ ಸ್ಟ್ರಿಂಗರ್ ಅಂತಾರೆ, ಲೆಕ್ಕಪತ್ರದಲ್ಲಿ ಬಹುಶಃ ‘ಸ್ಥಳೀಯ ಸಹಾಯಕ’ ಅಂತ ಬರೀತಾರೆ. ವರದಿಗಾರ ದಿನಗೂಲಿ ಕೊಡ್ತಾನೆ, ಕೆಲಸ ಮುಗಿದ ಮೇಲೆ ವಿಮಾನ ಹತ್ತಿ ಹೋಗ್ತಾನೆ. ಫಿಕ್ಸರ್ ಅಲ್ಲೇ ಇರ್ತಾನೆ. ಅದು ಅವನ ಊರು ತಾನೆ?

ಈ ಕೆಲಸ ಮಾಡಿದವರಲ್ಲಿ ಜಗತ್ತಿಗೇ ಹೆಸರು ಗೊತ್ತಾದವರು ಬಹಳ ಕಡಿಮೆ. ಅವರಲ್ಲಿ ಮೊದಲನೆಯವರು ಕಾಂಬೋಡಿಯಾದ ದಿತ್ ಪ್ರಾನ್. ‘ದಿ ಕಿಲ್ಲಿಂಗ್ ಫೀಲ್ಡ್ಸ್’ ಸಿನಿಮಾ ನೋಡಿದವರಿಗೆ ಅವರ ಕಥೆ ನೆನಪಿರುತ್ತದೆ. ಅದನ್ನು ಸಾಮಾನ್ಯವಾಗಿ ಇಬ್ಬರು ಸ್ನೇಹಿತರ ಕಥೆಯಾಗಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಅದು ಒಬ್ಬ ನೌಕರ ಮತ್ತು ಅವನನ್ನು ಕೆಲಸಕ್ಕಿಟ್ಟುಕೊಂಡ ಸಂಸ್ಥೆಯ ಕಥೆಯೂ ಹೌದು. ಸ್ನೇಹದ ಕಥೆಯಲ್ಲಿ ಕಣ್ಣೀರಿದೆ, ಪುನರ್ಮಿಲನವಿದೆ. ನೌಕರಿಯ ಕಥೆಯಲ್ಲಿ ಕೆಲವು ಪ್ರಶ್ನೆಗಳಿವೆ, ಅವಕ್ಕೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಅಂಗ್ಕೋರ್ ವಾಟ್ ನೆರಳಿನ ಹುಡುಗ

ದಿತ್ ಪ್ರಾನ್ ಹುಟ್ಟಿದ್ದು 1942ರ ಸೆಪ್ಟೆಂಬರ್‌ನಲ್ಲಿ, ಸಿಯೆಮ್ ರೀಪ್‌ನಲ್ಲಿ. ನಮ್ಮಲ್ಲಿ ಅನೇಕರು ಚಿತ್ರದಲ್ಲಾದರೂ ನೋಡಿರುವ ಅಂಗ್ಕೋರ್ ವಾಟ್ ದೇವಾಲಯ ಇರೋದು ಆ ಊರಿನ ಹತ್ತಿರವೇ. ಅವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಹಾಗಾಗಿ ದಿತ್ ಮನೆತನದ ಹೆಸರು, ಪ್ರಾನ್ ಅವರ ಹೆಸರು. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಅಧಿಕಾರಿ, ರಸ್ತೆ ನಿರ್ಮಾಣದ ಉಸ್ತುವಾರಿ ಅವರದ್ದು. ಕಾಂಬೋಡಿಯಾ ಆಗ ಫ್ರೆಂಚರ ಕೈಯಲ್ಲಿತ್ತು, ಹಾಗಾಗಿ ಶಾಲೆಯಲ್ಲಿ ಫ್ರೆಂಚ್ ಕಲಿತರು. ಇಂಗ್ಲಿಷನ್ನು ತಾವಾಗಿಯೇ ಕಲಿತರು.

ಅವರ ಮುಂದಿನ ಬದುಕನ್ನು ನಡೆಸಿದ್ದು ಈ ಭಾಷೆಗಳೇ. 1960ರ ದಶಕದ ಆರಂಭದಲ್ಲಿ ಅಮೆರಿಕದ ಸೇನೆಯ ಅಧಿಕಾರಿಗಳಿಗೆ ದುಭಾಷಿಯಾದರು. 1965ರಲ್ಲಿ ರಾಜಕುಮಾರ ನೊರೊಡೋಮ್ ಸಿಹಾನೂಕ್ ಅಮೆರಿಕದ ಜೊತೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಾಗ ಆ ಕೆಲಸ ಹೋಯಿತು. ‘ಲಾರ್ಡ್ ಜಿಮ್’ ಚಿತ್ರದ ಚಿತ್ರೀಕರಣಕ್ಕೆ ಬಂದಿದ್ದ ಬ್ರಿಟಿಷ್ ತಂಡದ ಜೊತೆ ಕೆಲಸ ಮಾಡಿದರು. ನಂತರ ಅಂಗ್ಕೋರ್ ಪ್ರವಾಸಿಗರು ಇಳಿದುಕೊಳ್ಳುವ ಹೋಟೆಲೊಂದರಲ್ಲಿ ರಿಸೆಪ್ಷನಿಸ್ಟ್ ಆದರು.

ಸೇನೆಯ ದುಭಾಷಿ, ಸಿನಿಮಾ ತಂಡದ ಸಹಾಯಕ, ಹೋಟೆಲಿನ ರಿಸೆಪ್ಷನಿಸ್ಟ್: ಈ ಮೂರರಲ್ಲೂ ಮಾಡಬೇಕಿದ್ದದ್ದು ಒಂದೇ ಕೆಲಸ. ಹೊರಗಿನಿಂದ ಬಂದವರಿಗೆ ಏನು ಬೇಕು ಅಂತ ಅವರು ಬಾಯಿಬಿಡುವ ಮೊದಲೇ ಅರ್ಥ ಮಾಡಿಕೊಳ್ಳಬೇಕು, ಅದನ್ನು ಒದಗಿಸುವ ಒಳಗಿನ ದಾರಿ ಹುಡುಕಬೇಕು. ಫಿಕ್ಸರ್‌ಗೆ ಬೇಕಾದ ತರಬೇತಿ ಇದೇ. ಇದನ್ನು ಯಾವ ಪತ್ರಿಕೋದ್ಯಮ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ.

ಯುದ್ಧ ಬಂತು, ಪ್ರವಾಸಿಗರು ಹೋದರು, ಪತ್ರಕರ್ತರು ಬಂದರು

1970ರ ಮಾರ್ಚ್‌ನಲ್ಲಿ ಸಿಹಾನೂಕ್ ದೇಶದ ಹೊರಗಿದ್ದಾಗ ಜನರಲ್ ಲೋನ್ ನೋಲ್ ಅಧಿಕಾರ ಹಿಡಿದರು. ಅವರ ಹಿಂದೆ ಅಮೆರಿಕ ನಿಂತಿತು. ಪಕ್ಕದ ವಿಯೆಟ್ನಾಂನಲ್ಲಿ ಉರಿಯುತ್ತಿದ್ದ ಬೆಂಕಿ ಕಾಂಬೋಡಿಯಾಕ್ಕೆ ದಾಟಿತು. ಒಂದು ಕಡೆ ಲೋನ್ ನೋಲ್ ಸೇನೆ, ಇನ್ನೊಂದು ಕಡೆ ಖ್ಮೇರ್ ರೂಜ್ ಕಮ್ಯುನಿಸ್ಟ್ ಗೆರಿಲ್ಲಾಗಳು, ಮೇಲಿನಿಂದ ಅಮೆರಿಕದ ಬಿ-52 ಬಾಂಬರ್‌ಗಳು. ಅಂಗ್ಕೋರ್ ನೋಡಲು ಬರುವವರು ನಿಂತೇಹೋದರು. ಪ್ರಾನ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ರಾಜಧಾನಿ ಫ್ನಾಮ್ ಪೆನ್‌ಗೆ ಹೋದರು. ಅಲ್ಲಿಗೆ ಬರುತ್ತಿದ್ದ ಹೊಸ ‘ಪ್ರವಾಸಿಗರು’ ಅಂದರೆ ವಿದೇಶಿ ಪತ್ರಕರ್ತರು. ಪ್ರಾನ್ ಅವರಿಗೆ ಗೈಡ್ ಆದರು, ದುಭಾಷಿಯಾದರು.

1972ರಲ್ಲಿ ಅವರಿಗೆ ಸಿಡ್ನಿ ಶಾನ್‌ಬರ್ಗ್ ಸಿಕ್ಕರು. ನ್ಯೂಯಾರ್ಕ್ ಟೈಮ್ಸ್ ವರದಿಗಾರ. ನಮ್ಮ ಉಪಖಂಡಕ್ಕೆ ಹೊಸಬರೇನಲ್ಲ. ಅದೇ ಪತ್ರಿಕೆಯ ದೆಹಲಿ ಬ್ಯೂರೋ ಮುಖ್ಯಸ್ಥರಾಗಿದ್ದು, 1971ರ ಬಾಂಗ್ಲಾದೇಶ ಯುದ್ಧವನ್ನು ವರದಿ ಮಾಡಿದ್ದವರು. ಕೋಪಿಷ್ಠ, ಹಟಮಾರಿ, ಹಿಡಿದ ಸುದ್ದಿ ಬಿಡದವರು ಅಂತ ಹೆಸರು ಪಡೆದಿದ್ದರು. ಇಬ್ಬರ ಜೋಡಿ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ 1973ರಲ್ಲಿ ಟೈಮ್ಸ್ ಪ್ರಾನ್ ಅವರನ್ನು ತನಗಾಗಿಯೇ ಸ್ಟ್ರಿಂಗರ್ ಆಗಿ ನೇಮಿಸಿಕೊಂಡಿತು.

ಕೆಲಸ ಶುರುವಾದದ್ದು ಅನುವಾದದಿಂದ, ಆದರೆ ಅಲ್ಲಿಗೇ ನಿಲ್ಲಲಿಲ್ಲ. ಟಿಪ್ಪಣಿ ಬರೆದುಕೊಳ್ಳುವುದು, ಮೂಲಗಳನ್ನು ಹುಡುಕುವುದು, ಕಾರು ಹೊಂದಿಸುವುದು, ಸೇನೆಯ ಅಡೆತಡೆ ದಾಟಿಸುವುದು, ಬರೆದ ವರದಿ ನ್ಯೂಯಾರ್ಕ್ ತಲುಪುವಂತೆ ನೋಡಿಕೊಳ್ಳುವುದು. ಜೊತೆಗೆ ಕ್ಯಾಮೆರಾ ಹಿಡಿಯುವುದನ್ನೂ ಕಲಿತು ಯುದ್ಧದ ಚಿತ್ರಗಳನ್ನು ತೆಗೆದರು. ಮಾಹಿತಿ ತರುವುದು, ಪರಿಶೀಲಿಸುವುದು, ಚಿತ್ರ ತೆಗೆಯುವುದು, ಇಷ್ಟನ್ನು ಮಾಡುವವನನ್ನು ನಮ್ಮ ಕಚೇರಿಗಳಲ್ಲಿ ವರದಿಗಾರ ಅಂತಲೇ ಕರೀತೀವಿ. ಪ್ರಾನ್ ಅವರ ಹುದ್ದೆಯ ಹೆಸರು ಮಾತ್ರ ಸಹಾಯಕ.

ಈ ಜೋಡಿ ಹೇಗೆ ಕೆಲಸ ಮಾಡುತ್ತಿತ್ತು ಅನ್ನೋದಕ್ಕೆ ನೆಯಾಕ್ ಲುವಾಂಗ್ ಪ್ರಕರಣ ನೋಡಿ. 1973ರ ಆಗಸ್ಟ್ 6ರಂದು ಅಮೆರಿಕದ ಬಿ-52 ವಿಮಾನವೊಂದು ತಪ್ಪಿ ಸ್ನೇಹಪಕ್ಷದ ಊರಾದ ನೆಯಾಕ್ ಲುವಾಂಗ್ ಮೇಲೆಯೇ ಬಾಂಬ್ ಸುರಿಯಿತು. 130ಕ್ಕೂ ಹೆಚ್ಚು ಜನ ಸತ್ತರು. ಹಾನಿ ಅಷ್ಟೇನೂ ಇಲ್ಲ ಅನ್ನೋ ರೀತಿಯಲ್ಲಿ ಅಮೆರಿಕದ ರಾಯಭಾರ ಕಚೇರಿ ಮಾತಾಡಿತು, ಪತ್ರಕರ್ತರು ಅಲ್ಲಿಗೆ ಹೋಗದಂತೆ ನೋಡಿಕೊಂಡಿತು. ಶಾನ್‌ಬರ್ಗ್ ಮತ್ತು ಪ್ರಾನ್ ಮೆಕಾಂಗ್ ನದಿಯಲ್ಲಿ ದೋಣಿ ಹಿಡಿದು ಹೋದರು. ಬದುಕುಳಿದವರ ಜೊತೆ ಮಾತಾಡಿದರು. ಕಾಂಬೋಡಿಯಾ ಸೇನೆ ಅವರನ್ನು ಹಿಡಿದು ಕೂರಿಸಿತು. ಆದರೂ ಸುದ್ದಿ ಹೊರಬಂತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಹಿಡಿದು ಕೂರಿಸಿದ್ದು ಇಬ್ಬರನ್ನೂ. ಆದರೆ ಒಬ್ಬರ ಜೇಬಿನಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇತ್ತು. ಸೇನೆಯ ಅಧಿಕಾರಿಗೆ ಆತನನ್ನು ಮುಟ್ಟುವ ಮೊದಲು ಎರಡು ಸಲ ಯೋಚಿಸಬೇಕಿತ್ತು. ಇನ್ನೊಬ್ಬರು ಅದೇ ದೇಶದ ಪ್ರಜೆ. ಅವರ ಬಗ್ಗೆ ಯೋಚಿಸಬೇಕಾದ ಕಾರಣ ಯಾರಿಗೂ ಇರಲಿಲ್ಲ. ಒಂದೇ ದೋಣಿಯಲ್ಲಿ ಹೋದರೂ ಇಬ್ಬರ ಅಪಾಯ ಒಂದೇ ಆಗಿರಲಿಲ್ಲ.

1975ರ ಏಪ್ರಿಲ್

1975ರ ಏಪ್ರಿಲ್ ಹೊತ್ತಿಗೆ ಖ್ಮೇರ್ ರೂಜ್ ಫ್ನಾಮ್ ಪೆನ್ ಬಾಗಿಲಿಗೆ ಬಂದಿತ್ತು. ಏಪ್ರಿಲ್ 12ರಂದು ಅಮೆರಿಕ ತನ್ನ ರಾಯಭಾರ ಕಚೇರಿ ಮುಚ್ಚಿ, ಹೆಲಿಕಾಪ್ಟರ್‌ಗಳಲ್ಲಿ ತನ್ನವರನ್ನು ಸಾಗಿಸಿತು. ಪ್ರಾನ್ ಅವರ ಪತ್ನಿ ಸೆರ್ ಮೋಯುನ್ ಮತ್ತು ನಾಲ್ವರು ಮಕ್ಕಳಿಗೆ ಆ ತೆರವು ಕಾರ್ಯಾಚರಣೆಯಲ್ಲಿ ಜಾಗ ಕೊಡಿಸಿದ್ದು ಶಾನ್‌ಬರ್ಗ್. ಅವರು ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ಸೇರಿದರು.

ಶಾನ್‌ಬರ್ಗ್ ಹೋಗಲಿಲ್ಲ. ಪ್ರಾನ್ ಕೂಡ ಹೋಗಲಿಲ್ಲ. ಇದನ್ನು ಸ್ವಾಮಿನಿಷ್ಠೆ ಅಂತ ಹೇಳುವುದು ಸುಲಭ. ಅದು ಪ್ರಾನ್ ಅವರಿಗೆ ಮಾಡುವ ಅವಮಾನ ಅಂತ ನನಗನ್ನಿಸುತ್ತದೆ. ಐದು ವರ್ಷ ಯುದ್ಧ ನೋಡಿದ ವರದಿಗಾರನಿಗೆ ಅದರ ಕೊನೆಯ ದಿನವನ್ನೂ ನೋಡಬೇಕು ಅನ್ನಿಸುವುದು ಸಹಜ. ಅದೂ ತನ್ನದೇ ದೇಶದ ಯುದ್ಧ. ಯುದ್ಧ ಮುಗಿದರೆ ಶಾಂತಿ ಬರುತ್ತದೆ, ಕಾಂಬೋಡಿಯನ್ನರು ಕಾಂಬೋಡಿಯನ್ನರನ್ನು ಸಾಮೂಹಿಕವಾಗಿ ಕೊಲ್ಲಲಾರರು ಅಂತ ಆಗ ನಂಬಿದ್ದವರು ಅನೇಕರಿದ್ದರು.

ಆದರೆ ಇದರ ಇನ್ನೊಂದು ಮುಖವೂ ಇದೆ. ತನ್ನನ್ನು ನಂಬಿ ಉಳಿದ ವರದಿಗಾರನನ್ನು ಬಿಟ್ಟು ಹೋಗುತ್ತೇನೆ ಅನ್ನಲು ಒಬ್ಬ ಸ್ಥಳೀಯ ನೌಕರನಿಗೆ ಎಷ್ಟು ಸ್ವಾತಂತ್ರ್ಯವಿರುತ್ತದೆ? ವರದಿಗಾರ ಉಳಿದರೆ ಅದು ಅವನ ನಿರ್ಧಾರ. ಸಹಾಯಕ ಉಳಿದರೆ ಅದರಲ್ಲಿ ಅವನ ನಿರ್ಧಾರ ಎಷ್ಟು, ಒತ್ತಾಯ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಶಾನ್‌ಬರ್ಗ್ ಅವರನ್ನು ನಂತರದ ವರ್ಷಗಳಲ್ಲಿ ಕಾಡಿದ್ದು ಇದೇ ಪ್ರಶ್ನೆ.

ಏಪ್ರಿಲ್ 17ರಂದು ಖ್ಮೇರ್ ರೂಜ್ ನಗರ ಪ್ರವೇಶಿಸಿತು. ಗಾಯಾಳುಗಳ ಸ್ಥಿತಿ ನೋಡಲು ಶಾನ್‌ಬರ್ಗ್, ಪ್ರಾನ್, ಅಮೆರಿಕನ್ ಛಾಯಾಗ್ರಾಹಕ ಆಲ್ ರಾಕಾಫ್ ಮತ್ತು ಬ್ರಿಟಿಷ್ ಪತ್ರಕರ್ತ ಜಾನ್ ಸ್ವೇನ್ ಆಸ್ಪತ್ರೆಯೊಂದಕ್ಕೆ ಹೋಗಿದ್ದರು. ಹೊರಬರುವಾಗ ಹದಿಹರೆಯದ ಸೈನಿಕರು ಬಂದೂಕು ತೋರಿಸಿ ಹಿಡಿದರು. ವಿದೇಶಿಯರನ್ನು ಶಸ್ತ್ರಸಜ್ಜಿತ ವಾಹನದೊಳಗೆ ತಳ್ಳಿದರು. ಪ್ರಾನ್ ಅವರಿಗೆ ಹೋಗಲು ಹೇಳಿದರು. ಅವರಿಗೆ ಬೇಕಿದ್ದದ್ದು ದೊಡ್ಡವರು, ಅಂದರೆ ವಿದೇಶಿಯರು.

ಪ್ರಾನ್ ಹೋಗಲಿಲ್ಲ. ತನ್ನನ್ನೂ ಆ ವಾಹನದೊಳಗೆ ಹತ್ತಿಸಿಕೊಳ್ಳಿ ಅಂತ ಸೈನಿಕರ ಜೊತೆ ವಾದ ಮಾಡಿದರು. ತಾನಿಲ್ಲದಿದ್ದರೆ ಇವರ ಪರ ಮಾತಾಡುವವರು ಯಾರೂ ಇಲ್ಲ, ಮಾತಾಡುವವರಿಲ್ಲದಿದ್ದರೆ ಇವರು ಸಾಯುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಹತ್ತಿದರು. ನದಿ ದಂಡೆಯ ಹತ್ತಿರ ಇಳಿಸಿದ ಮೇಲೆಯೂ ಗಂಟೆಗಟ್ಟಲೆ ಬೇಡಿಕೊಂಡರು. ಇವರು ಅಮೆರಿಕನ್ನರಲ್ಲ, ಫ್ರೆಂಚರು, ನಿಮ್ಮ ವಿಜಯವನ್ನು ಜಗತ್ತಿಗೆ ಹೇಳಲು ಬಂದವರು ಅಂತ ನಂಬಿಸಿದರು. ಕೊನೆಗೆ ಬಿಟ್ಟರು.

ಅವತ್ತು ಕೆಲಸಕ್ಕೆ ಬಂದದ್ದು ಅವರಿಗೆ ಗೊತ್ತಿದ್ದ ಖ್ಮೇರ್ ಭಾಷೆಯಷ್ಟೇ ಅಲ್ಲ. ಕಾಡಿನಿಂದ ಬಂದ, ಬಂದೂಕು ಹಿಡಿದ ಹುಡುಗನೊಬ್ಬನಿಗೆ ಯಾವ ಮಾತು ಕೇಳಲು ಇಷ್ಟವಾಗುತ್ತದೆ ಅನ್ನುವ ಅಂದಾಜು ಕೆಲಸಕ್ಕೆ ಬಂತು. ಯಾವ ಪತ್ರಿಕೆಯೂ ಆ ಅಂದಾಜಿಗೆ ಸಂಬಳ ಕೊಡುವುದಿಲ್ಲ, ಆದರೆ ಎಲ್ಲ ಪತ್ರಿಕೆಗಳೂ ಅದನ್ನೇ ನಂಬಿಕೊಂಡು ತಮ್ಮ ವರದಿಗಾರರನ್ನು ಕಳಿಸುತ್ತವೆ.

ರಾಯಭಾರ ಕಚೇರಿಯ ಗೇಟು

ಅದೇ ಹೊತ್ತಿಗೆ ಸುಮಾರು 20 ಲಕ್ಷ ಜನರಿದ್ದ ನಗರವನ್ನು ಖ್ಮೇರ್ ರೂಜ್ ಖಾಲಿ ಮಾಡಿಸುತ್ತಿತ್ತು. ಆಸ್ಪತ್ರೆಯ ರೋಗಿಗಳನ್ನೂ ಬಿಡದೆ ಹಳ್ಳಿಗಳ ಕಡೆ ಅಟ್ಟಲಾಯಿತು. ವಿದೇಶಿಯರೆಲ್ಲ ಫ್ರೆಂಚ್ ರಾಯಭಾರ ಕಚೇರಿ ಸೇರಿಕೊಂಡರು. ನೂರಾರು ಕಾಂಬೋಡಿಯನ್ನರೂ ಒಳಗೆ ಬಂದಿದ್ದರು, ಪ್ರಾನ್ ಅವರಲ್ಲಿ ಒಬ್ಬರು. ಕಾಂಬೋಡಿಯನ್ನರೆಲ್ಲ ಹೊರಗೆ ಬರಬೇಕು ಅಂತ ಖ್ಮೇರ್ ರೂಜ್ ಆದೇಶಿಸಿತು.

ಪತ್ರಕರ್ತರು ಕೈಕಟ್ಟಿ ಕೂರಲಿಲ್ಲ. ಸ್ವೇನ್ ಬಳಿ ಎರಡನೇ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ಅದರಲ್ಲಿನ ಹೆಸರು ತಿದ್ದಿ, ಪ್ರಾನ್ ಅವರ ಫೋಟೊ ಅಂಟಿಸುವ ಪ್ರಯತ್ನ ನಡೆಯಿತು. ಆ ಉಪಾಯ ಫಲಿಸಲಿಲ್ಲ. ಪ್ರಾನ್ ಗೇಟು ದಾಟಿ ಹೊರಗೆ ನಡೆದರು. ವಿದೇಶಿಯರನ್ನು ಕೆಲವು ದಿನಗಳ ನಂತರ ಲಾರಿಗಳಲ್ಲಿ ಥಾಯ್ಲೆಂಡ್ ಗಡಿಗೆ ಸಾಗಿಸಲಾಯಿತು. ಮೂರು ದಿನ ಹಿಂದೆ ಯಾರ ಜೀವವನ್ನು ಪ್ರಾನ್ ಉಳಿಸಿದ್ದರೋ ಅವರು ಪ್ರಾನ್ ಜೀವ ಉಳಿಸಲಾಗಲಿಲ್ಲ. ಅದು ಮನಸ್ಸಿಲ್ಲದೆ ಆದದ್ದಲ್ಲ. ಅವರ ಕೈಯಲ್ಲಿದ್ದ ಒಂದೇ ಸಾಧನ ಪಾಸ್‌ಪೋರ್ಟ್, ಅದು ಹಂಚಿಕೊಳ್ಳುವ ವಸ್ತುವಲ್ಲ.

ನಾನು ಎಂಜಿನಿಯರಿಂಗ್ ಓದಿದವನು. ಒಂದು ಸೇತುವೆ ನೋಡಿದರೆ ಮೊದಲು ಕೇಳಬೇಕಾದದ್ದು ಭಾರ ಎಲ್ಲಿ ಹೋಗಿ ಕೂರುತ್ತದೆ ಅಂತ. ಮೇಲೆ ಚಂದ ಕಾಣುವ ಕಮಾನು ಬೇರೆ, ಕೆಳಗೆ ಭಾರ ಹೊರುವ ಕಂಬ ಬೇರೆ. ವಿದೇಶಿ ವರದಿಗಾರಿಕೆ ಅನ್ನುವ ರಚನೆಯಲ್ಲಿ ಭಾರ ಎಲ್ಲಿ ಕೂರುತ್ತದೆ ಅನ್ನುವುದು ಆ ಗೇಟಿನ ಹತ್ತಿರ ಸ್ಪಷ್ಟವಾಗಿ ಕಂಡಿತು.

ಭಾಷೆ ಮರೆತವನಂತೆ ಬದುಕಿದ್ದು

ಖ್ಮೇರ್ ರೂಜ್ ಹೊಸ ಸಮಾಜ ಕಟ್ಟಲು ಹೊರಟಿತ್ತು. ಅದರಲ್ಲಿ ನಗರ ಇರಬಾರದು, ಹಣ ಇರಬಾರದು, ಶಾಲೆ ಇರಬಾರದು. ಓದಿದವರು, ವಿದೇಶಿ ಭಾಷೆ ಬಲ್ಲವರು, ಹಳೇ ಸರ್ಕಾರದ ನೌಕರರು ಎಲ್ಲರೂ ಶತ್ರುಗಳು. ಪ್ರಾನ್ ಇವುಗಳಲ್ಲಿ ಮೊದಲ ಎರಡೂ ಆಗಿದ್ದರು, ಮೇಲಾಗಿ ಅಮೆರಿಕದ ಪತ್ರಿಕೆಯ ನೌಕರ.

ಅವರು ಕೈಯಲ್ಲಿದ್ದ ಹಣ ಎಸೆದರು. ಕೊಳಕು ಬಟ್ಟೆ ತೊಟ್ಟರು. ಹೆಚ್ಚು ಓದು ಬರದ ಟ್ಯಾಕ್ಸಿ ಡ್ರೈವರ್ ಅಂತ ಹೇಳಿಕೊಂಡರು. ಫ್ರೆಂಚ್, ಇಂಗ್ಲಿಷ್ ಇರಲಿ, ತನ್ನ ಖ್ಮೇರ್ ಮಾತಿನಲ್ಲೂ ಓದಿದವನ ಪದ ಇಣುಕದಂತೆ ನೋಡಿಕೊಂಡರು. ಸಿಯೆಮ್ ರೀಪ್ ಕಡೆಯ ದಾಮ್ ದೆಕ್ ಅನ್ನುವ ಹಳ್ಳಿಯಲ್ಲಿ ಗದ್ದೆ ಕೆಲಸ ಸಿಕ್ಕಿತು. ಮೂರು ಭಾಷೆಗಳಿಂದ ಬದುಕು ಕಟ್ಟಿಕೊಂಡಿದ್ದವರು ನಾಲ್ಕು ವರ್ಷ ಮಾತೇ ಬಾರದವರಂತೆ ಬದುಕಿದರು.

ಹಸಿವು ವಿಪರೀತವಿತ್ತು. ಕೆಲವು ಕಾಲ ದಿನಕ್ಕೆ ಒಂದು ಚಮಚ ಅಕ್ಕಿ. ಬಸವನಹುಳು, ಹಾವು, ಇಲಿ, ಹುಳಹುಪ್ಪಟೆ ಏನು ಸಿಕ್ಕರೂ ಜನ ತಿಂದರು. ಒಮ್ಮೆ ರಾತ್ರಿ ಗದ್ದೆಗೆ ನುಸುಳಿ ಒಂದಿಷ್ಟು ಭತ್ತದ ತೆನೆ ಕಿತ್ತುಕೊಂಡಾಗ ಪ್ರಾನ್ ಸಿಕ್ಕಿಬಿದ್ದರು. ಹತ್ತಾರು ಜನ ಸೇರಿ ಬಿದಿರಿನ ಕೋಲುಗಳಿಂದ ಹೊಡೆದು ರಾತ್ರಿಯಿಡೀ ಬಯಲಲ್ಲಿ ಬಿಟ್ಟರು. ಬದುಕಿದ್ದು ಅದೃಷ್ಟ.

1976ರಲ್ಲಿ, ಪ್ರಾನ್ ಆ ಹಳ್ಳಿಯಲ್ಲಿ ಹೀಗೆ ದಿನ ದೂಡುತ್ತಿದ್ದಾಗ, ಫ್ನಾಮ್ ಪೆನ್ ಪತನದ ವರದಿಗಳಿಗಾಗಿ ಸಿಡ್ನಿ ಶಾನ್‌ಬರ್ಗ್ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ದೊಡ್ಡ ಅಪಾಯದ ನಡುವೆಯೂ ಅಲ್ಲೇ ಉಳಿದು ವರದಿ ಮಾಡಿದ್ದನ್ನು ಪ್ರಶಸ್ತಿ ಗುರುತಿಸಿತು. ಹೆಸರು ಒಂದೇ ಇತ್ತು. ಶಾನ್‌ಬರ್ಗ್ ಅದನ್ನು ಪ್ರಾನ್ ಪರವಾಗಿಯೂ ಸ್ವೀಕರಿಸಿದರು. ಅದು ಅವರ ದೊಡ್ಡತನ. ಆದರೆ ಪತ್ರಿಕೋದ್ಯಮದ ವ್ಯವಸ್ಥೆಯಲ್ಲಿ ಸಹಾಯಕನಿಗೆ ಗೌರವ ಸಿಗುವುದು ವರದಿಗಾರ ಒಳ್ಳೆಯವನಾಗಿದ್ದರೆ ಮಾತ್ರ ಅನ್ನುವುದನ್ನೂ ಇದು ತೋರಿಸುತ್ತದೆ.

ಶಾನ್‌ಬರ್ಗ್ ಹುಡುಕಾಟ ನಿಲ್ಲಿಸಲಿಲ್ಲ. ಪರಿಹಾರ ಸಂಸ್ಥೆಗಳಿಗೆ, ಗಡಿಯ ನಿರಾಶ್ರಿತರ ಶಿಬಿರಗಳಿಗೆ ಪ್ರಾನ್ ಫೋಟೊ ಕಳಿಸುತ್ತಲೇ ಇದ್ದರು. ಪ್ರಾನ್ ಕುಟುಂಬದ ಯೋಗಕ್ಷೇಮ ನೋಡಿಕೊಂಡರು. ನಾಲ್ಕು ವರ್ಷ ಉತ್ತರ ಬರಲಿಲ್ಲ.

ಎಲುಬು ತುಂಬಿದ ಬಾವಿಗಳು

1978ರ ಡಿಸೆಂಬರ್ ಕೊನೆಗೆ ವಿಯೆಟ್ನಾಂ ಸೇನೆ ಕಾಂಬೋಡಿಯಾಕ್ಕೆ ನುಗ್ಗಿತು. 1979ರ ಜನವರಿ 7ರಂದು ಫ್ನಾಮ್ ಪೆನ್ ಬಿತ್ತು, ಪೋಲ್ ಪಾಟ್ ಸರ್ಕಾರ ಕಾಡಿಗೆ ಓಡಿತು. ಮೂರು ವರ್ಷ ಎಂಟು ತಿಂಗಳ ಆಳ್ವಿಕೆಯಲ್ಲಿ ಕೊಲೆ, ಹಸಿವು, ರೋಗ, ದುಡಿಮೆಯಿಂದ ಸತ್ತವರು ಸುಮಾರು 17 ಲಕ್ಷದಿಂದ 20 ಲಕ್ಷ. ದೇಶದ ಜನಸಂಖ್ಯೆಯ ಐದನೇ ಒಂದು ಭಾಗಕ್ಕಿಂತ ಹೆಚ್ಚು.

ಪ್ರಾನ್ ತಮ್ಮೂರಿಗೆ ಮರಳಿದರು. ಅಪ್ಪ ಹಸಿವಿನಿಂದ ಸತ್ತಿದ್ದರು. ಒಡಹುಟ್ಟಿದವರು ಕೊಲೆಯಾಗಿದ್ದರು. ಬಂಧುಬಳಗದಲ್ಲಿ ಸುಮಾರು 50 ಜನ ಇಲ್ಲವಾಗಿದ್ದರು. ಬಾವಿಗಳಲ್ಲಿ ತಲೆಬುರುಡೆ, ಎಲುಬು ತುಂಬಿದ್ದವು. ಹೊಲಗಳಲ್ಲಿ ಹೆಣಗಳನ್ನು ಹೂತ ಕಡೆ ಹುಲ್ಲು ಸೊಂಪಾಗಿ ಬೆಳೆದಿತ್ತು. ಈ ಹೊಲಗಳನ್ನು ‘ಕಿಲ್ಲಿಂಗ್ ಫೀಲ್ಡ್ಸ್’ ಅಂತ ಕರೆದವರು ಪ್ರಾನ್ ಅವರೇ. ಇಂದು ಜಗತ್ತು ಸಾಮೂಹಿಕ ಹತ್ಯೆಯ ಜಾಗಗಳನ್ನೆಲ್ಲ ಹಾಗೆ ಕರೆಯುತ್ತದೆ. ಬೈಲೈನ್ ಸಿಗದ ಒಬ್ಬ ಸ್ಟ್ರಿಂಗರ್ ಇಂಗ್ಲಿಷ್ ಭಾಷೆಗೆ ಕೊಟ್ಟ ಪದ ಅದು.

ಹೊಸ ಆಡಳಿತ ಅವರಿಗೆ ಸ್ಥಳೀಯ ಆಡಳಿತದ ಹೊಣೆ ಕೊಟ್ಟಿತು. ಆ ದಿನಗಳಲ್ಲಿ ಅಲ್ಲಿಗೆ ಬಂದ ಪೂರ್ವ ಜರ್ಮನಿಯ ಪತ್ರಕರ್ತರೊಬ್ಬರ ಮೂಲಕ ಶಾನ್‌ಬರ್ಗ್‌ಗೆ ಸುದ್ದಿ ಮುಟ್ಟಿಸಿದರು, ಬದುಕಿದ್ದೇನೆ ಅಂತ. ಆದರೆ ಅಮೆರಿಕನ್ನರ ಜೊತೆ ಕೆಲಸ ಮಾಡಿದ್ದು ವಿಯೆಟ್ನಾಮಿಗಳಿಗೂ ಗೊತ್ತಾಗತೊಡಗಿತು. ಹಳೇ ನೌಕರಿ ಎರಡನೇ ಸಲ ಕುತ್ತಿಗೆಗೆ ಬಂತು. ಜುಲೈ ಕೊನೆಗೆ ಕೆಲವರ ಜೊತೆ ಹೊರಟರು. ಸುಮಾರು 60 ಮೈಲಿ ದಾರಿ. ಗಡಿಯವರೆಗೂ ನೆಲಬಾಂಬುಗಳು, ಅಡಗಿದ್ದ ಖ್ಮೇರ್ ರೂಜ್ ತುಕಡಿಗಳು. ಜೊತೆಗಿದ್ದ ಇಬ್ಬರು ಸ್ಫೋಟದಲ್ಲಿ ಸತ್ತರು. 1979ರ ಅಕ್ಟೋಬರ್ 3ರಂದು ಪ್ರಾನ್ ಥಾಯ್ಲೆಂಡ್ ತಲುಪಿದರು. ಕೆಲವೇ ದಿನಗಳಲ್ಲಿ ಶಾನ್‌ಬರ್ಗ್ ಆ ನಿರಾಶ್ರಿತರ ಶಿಬಿರಕ್ಕೆ ಬಂದರು.

ಕೊನೆಗೆ ಬಂದ ಬೈಲೈನ್

1980ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಾನ್ ಅವರನ್ನು ಛಾಯಾಗ್ರಾಹಕರಾಗಿ ಸೇರಿಸಿಕೊಂಡಿತು. ಅದೇ ವರ್ಷ ಜನವರಿಯಲ್ಲಿ ಶಾನ್‌ಬರ್ಗ್ ಅವರ ಬಗ್ಗೆ ಬರೆದ ದೀರ್ಘ ಲೇಖನ ಆ ಪತ್ರಿಕೆಯ ಮ್ಯಾಗಜೀನಿನಲ್ಲಿ ಬಂತು. ಅದನ್ನು ಆಧರಿಸಿ 1984ರಲ್ಲಿ ರೋಲಾಂಡ್ ಜೋಫಿ ‘ದಿ ಕಿಲ್ಲಿಂಗ್ ಫೀಲ್ಡ್ಸ್’ ನಿರ್ದೇಶಿಸಿದರು. ಪ್ರಾನ್ ಪಾತ್ರ ಮಾಡಿದ ಹೈಂಗ್ ಎಸ್. ನ್ಗೋರ್ ನಟರೇ ಅಲ್ಲ, ಖ್ಮೇರ್ ರೂಜ್ ಹಿಂಸೆಯಿಂದ ಬದುಕಿ ಬಂದ ವೈದ್ಯ. ಅವರಿಗೆ ಪೋಷಕ ನಟನ ಆಸ್ಕರ್ ಬಂತು.

ಸಿನಿಮಾ ಕೊಟ್ಟ ಹೆಸರನ್ನು ಪ್ರಾನ್ ಒಂದೇ ಕೆಲಸಕ್ಕೆ ಬಳಸಿದರು. ಶಾಲೆ, ಕಾಲೇಜು, ಸಭೆ, ಎಲ್ಲಿ ಕರೆದರೂ ಹೋಗಿ ಕಾಂಬೋಡಿಯಾದಲ್ಲಿ ಆದದ್ದನ್ನು ಹೇಳಿದರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗೆ ಸೌಹಾರ್ದ ರಾಯಭಾರಿಯಾದರು. 1986ರಲ್ಲಿ ಅಮೆರಿಕದ ಪೌರರಾದರು. ಬಾಲ್ಯದಲ್ಲಿ ಆ ನರಕ ದಾಟಿ ಬಂದವರ ನೆನಪುಗಳನ್ನು ಸಂಪಾದಿಸಿ 1997ರಲ್ಲಿ ಪುಸ್ತಕವಾಗಿ ತಂದರು. ಖ್ಮೇರ್ ರೂಜ್ ನಾಯಕರ ವಿಚಾರಣೆ ಆಗಬೇಕು ಅಂತ ಒತ್ತಾಯಿಸುತ್ತಲೇ ಇದ್ದರು. ಪೋಲ್ ಪಾಟ್ 1998ರಲ್ಲೇ ಸತ್ತ. ವಿಶೇಷ ನ್ಯಾಯಾಲಯದ ಮೊದಲ ತೀರ್ಪು ಬಂದದ್ದು 2010ರಲ್ಲಿ. ಅದನ್ನು ನೋಡಲು ಪ್ರಾನ್ ಇರಲಿಲ್ಲ. 2008ರ ಮಾರ್ಚ್ 30ರಂದು, 65ನೇ ವಯಸ್ಸಿನಲ್ಲಿ, ನ್ಯೂಜೆರ್ಸಿಯಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಶಾನ್‌ಬರ್ಗ್ ತೀರಿಕೊಂಡದ್ದು 2016ರಲ್ಲಿ.

ಯಾರಿಗೆ ಏನು ಸಲ್ಲಬೇಕು?

ಪ್ರಾನ್ ಬದುಕಿನ ಕಥೆ ಸುಖಾಂತ್ಯವಾಯಿತು ಅನ್ನಿಸುವುದು ಅವರು ಬದುಕುಳಿದದ್ದರಿಂದ. ಅವರ ಹಾಗೆಯೇ ವಿದೇಶಿ ಪತ್ರಕರ್ತರ ಜೊತೆ ದುಡಿದ ಹಲವು ಕಾಂಬೋಡಿಯನ್ನರು ಉಳಿಯಲಿಲ್ಲ. ಅವರ ಬಗ್ಗೆ ಸಿನಿಮಾ ಇಲ್ಲ.

ಇದು 1975ಕ್ಕೆ ಮುಗಿದ ಮಾತೂ ಅಲ್ಲ. 2007ರ ಮಾರ್ಚ್‌ನಲ್ಲಿ ಅಫ್ಘಾನಿಸ್ತಾನದಲ್ಲಿ ಇಟಲಿಯ ಪತ್ರಕರ್ತ ದಾನಿಯೇಲೆ ಮಾಸ್ಟ್ರೊಜಾಕೊಮೊ ಅವರನ್ನು ತಾಲಿಬಾನ್ ಅಪಹರಿಸಿತು. ಜೊತೆಗೆ ಚಾಲಕನನ್ನೂ, ದುಭಾಷಿ ಅಜ್ಮಲ್ ನಕ್ಷಬಂದಿಯನ್ನೂ ಹಿಡಿದಿತ್ತು. ಚಾಲಕನನ್ನು ಕೊಂದರು. ಇಟಲಿಯ ಒತ್ತಡಕ್ಕೆ ತಾಲಿಬಾನ್ ಕೈದಿಗಳ ಬಿಡುಗಡೆಯಾಯಿತು, ಪತ್ರಕರ್ತ ಮನೆಗೆ ಹೋದರು. ಅಜ್ಮಲ್‌ರನ್ನು ಏಪ್ರಿಲ್‌ನಲ್ಲಿ ಕೊಂದರು. 2009ರ ಸೆಪ್ಟೆಂಬರ್‌ನಲ್ಲಿ ಟೈಮ್ಸ್ ವರದಿಗಾರ ಸ್ಟೀಫನ್ ಫ್ಯಾರೆಲ್ ಅವರನ್ನು ಬ್ರಿಟಿಷ್ ಕಮಾಂಡೊಗಳು ಬಿಡಿಸಿಕೊಂಡು ಬಂದರು. ಜೊತೆಗಿದ್ದ ಅಫ್ಘನ್ ಪತ್ರಕರ್ತ ಸುಲ್ತಾನ್ ಮುನಾದಿ ಅದೇ ಕಾರ್ಯಾಚರಣೆಯ ಗುಂಡಿನ ಮಳೆಯಲ್ಲಿ ಸತ್ತರು. ಶವವನ್ನು ಅಲ್ಲೇ ಬಿಟ್ಟು ಬಂದದ್ದಕ್ಕೆ ಅಫ್ಘನ್ ಪತ್ರಕರ್ತರು ಸಿಟ್ಟಾದರು. ಎರಡೂ ಪ್ರಕರಣಗಳ ಲೆಕ್ಕ ಫ್ನಾಮ್ ಪೆನ್‌ನ ಆ ಗೇಟಿನ ಲೆಕ್ಕವೇ.

ಸ್ವಲ್ಪ ಬದಲಾವಣೆ ಆಗಿದೆ, ಅದನ್ನೂ ಹೇಳಬೇಕು. 2015ರಲ್ಲಿ ದೊಡ್ಡ ಸುದ್ದಿಸಂಸ್ಥೆಗಳು ಮತ್ತು ಪತ್ರಕರ್ತರ ಸಂಘಟನೆಗಳು ಒಪ್ಪಿಕೊಂಡ ಸುರಕ್ಷತಾ ತತ್ವಗಳಲ್ಲಿ ಸ್ಥಳೀಯ ಪತ್ರಕರ್ತರ ಬಗ್ಗೆಯೂ ಕಾಯಂ ಸಿಬ್ಬಂದಿಯ ಬಗ್ಗೆ ಇರುವಷ್ಟೇ ಕಾಳಜಿ ಇರಬೇಕು ಅಂತ ಇದೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದಾಗ ನ್ಯೂಯಾರ್ಕ್ ಟೈಮ್ಸ್ ತನ್ನ ಅಫ್ಘನ್ ಸಿಬ್ಬಂದಿಯನ್ನು ಕುಟುಂಬ ಸಮೇತ ಹೊರತಂದು ಮೆಕ್ಸಿಕೊಗೆ ಕರೆದೊಯ್ದಿತು. 1975ರ ಪಾಠ ಎಲ್ಲೋ ಉಳಿದಿತ್ತು ಅಂತ ಕಾಣುತ್ತದೆ. ಆದರೆ ಅದು ಕಾಯಂ ನೌಕರರಿಗೆ ಸಿಕ್ಕ ಅದೃಷ್ಟ. ವಾರಕ್ಕೋ ದಿನಕ್ಕೋ ದುಡಿದ ಫಿಕ್ಸರ್‌ಗಳ ಹೆಸರು ಯಾರ ಪಟ್ಟಿಯಲ್ಲಿರುತ್ತದೆ?

ಸ್ಥಳೀಯರನ್ನು ಕೆಲಸಕ್ಕಿಟ್ಟುಕೊಳ್ಳುವುದು ತಪ್ಪಲ್ಲ. ಅವರಿಲ್ಲದೆ ವಿದೇಶಿ ವರದಿಗಾರಿಕೆಯೇ ಇಲ್ಲ. ಹಣದ ಮಾತು ಕೆಲಸಕ್ಕೆ ಮೊದಲೇ, ಲಿಖಿತವಾಗಿ ಆಗಬೇಕು. ವರದಿಗಾರನಿಗೆ ವಿಮೆ, ಬುಲೆಟ್‌ಪ್ರೂಫ್ ಜಾಕೆಟ್ ಇದ್ದರೆ ಫಿಕ್ಸರ್‌ಗೂ ಇರಬೇಕು. ಒಂದು ಜಾಗಕ್ಕೆ ಹೋಗೋದು ಬೇಡ ಅಂತ ಅವನು ಹೇಳಿದರೆ ಆ ಮಾತು ಕೊನೆಯ ಮಾತಾಗಬೇಕು, ಅದಕ್ಕಾಗಿ ಮುಂದಿನ ಕೆಲಸ ತಪ್ಪಬಾರದು. ಹೆಸರು ಹಾಕಬೇಕೋ ಬೇಡವೋ ಅನ್ನುವ ನಿರ್ಧಾರ ಅವನದ್ದಾಗಬೇಕು, ಯಾಕಂದರೆ ಕೆಲವು ಊರುಗಳಲ್ಲಿ ಬೈಲೈನೇ ಮರಣಶಾಸನ. ಎಲ್ಲಕ್ಕಿಂತ ಮುಖ್ಯವಾಗಿ, ವರದಿಗಾರ ಹೋದ ಮೇಲೆ ಅವನಿಗೇನಾಗುತ್ತದೆ ಅನ್ನುವುದಕ್ಕೆ ಹೋಗುವ ಮೊದಲೇ ಒಂದು ಯೋಜನೆ ಇರಬೇಕು.

ಇದು ವಿದೇಶದ ಮಾತು ಅಂತ ನಾವು ಸುಮ್ಮನಿರುವಂತಿಲ್ಲ. ಬೆಂಗಳೂರಿನಲ್ಲಿ ಕೂತ ನಮ್ಮಂಥವರು ಗಣಿಗಾರಿಕೆ, ಮರಳು ದಂಧೆ, ಕೋಮು ಗಲಭೆ ಅಂತ ಜಿಲ್ಲೆಗೆ ಹೋದಾಗ ತಾಲ್ಲೂಕಿನ ಅರೆಕಾಲಿಕ ವರದಿಗಾರರೊಬ್ಬರು ಬೈಕಿನಲ್ಲಿ ಕೂರಿಸಿಕೊಂಡು ಸುತ್ತಾಡಿಸ್ತಾರೆ. ಯಾರ ಹತ್ತಿರ ಮಾತಾಡಬೇಕು, ಯಾರ ಹೆಸರು ಎತ್ತಬಾರದು ಅಂತ ಹೇಳಿಕೊಡ್ತಾರೆ. ನಾವು ಸಂಜೆ ಬಸ್ಸು ಹತ್ತುತ್ತೇವೆ. ವರದಿ ಬಂದ ಮರುದಿನ ಟೀ ಅಂಗಡಿಯಲ್ಲಿ ಅವರನ್ನು ನಿಲ್ಲಿಸಿ ಕೇಳುವವರು ನಮಗೆ ಸಿಗುವುದಿಲ್ಲ. ಕಾಂಬೋಡಿಯಾಕ್ಕೂ ಇದಕ್ಕೂ ಅಪಾಯದ ಪ್ರಮಾಣದಲ್ಲಿ ಅಜಗಜಾಂತರ ಇದೆ, ಒಪ್ಪುತ್ತೇನೆ. ಹೊರಡುವವರು ಮತ್ತು ಉಳಿಯುವವರ ನಡುವಿನ ಸಂಬಂಧ ಮಾತ್ರ ಅದೇ.

ಪ್ರಾನ್ ತಮ್ಮ ಕೊನೆಯ ದಿನಗಳವರೆಗೂ ಶಾನ್‌ಬರ್ಗ್ ಅವರನ್ನು ಸಹೋದರ ಅಂತಲೇ ಭಾವಿಸಿದ್ದರು, ಯಾವ ದೂರನ್ನೂ ಇಟ್ಟುಕೊಳ್ಳಲಿಲ್ಲ. ಅವರು ಕ್ಷಮಿಸಿದ್ದರಿಂದ ಲೆಕ್ಕ ಚುಕ್ತಾ ಆಯಿತು ಅಂತ ಸುದ್ದಿಸಂಸ್ಥೆಗಳು ಅಂದುಕೊಳ್ಳಬಾರದು. ಆ ಇಬ್ಬರ ನಡುವಿನ ಲೆಕ್ಕ ಅವರದ್ದು, ಅವರ ಜೊತೆಯೇ ಮುಗಿದಿದೆ. ನಾಳೆ ಬೆಳಿಗ್ಗೆ ಇನ್ಯಾವುದೋ ಊರಿನಲ್ಲಿ, ದಿನಗೂಲಿಗೆ ಒಪ್ಪಿಕೊಂಡು ವರದಿಗಾರನ ಕಾರಿನ ಮುಂದಿನ ಸೀಟಿನಲ್ಲಿ ಕೂರುವವನ ಲೆಕ್ಕ ಇನ್ನೂ ಬಾಕಿ ಇದೆ.